ಅಟ್ಟದ ಮೇಲಿನ ಟ್ರಂಕು ಮತ್ತು ಕಳೆದುಹೋಗುತ್ತಿರುವ ಕಾಡು

ಮಲೆನಾಡಿನ ಅನೇಕ ಮನೆಗಳ ಅಟ್ಟದಲ್ಲಿ, ತಗಡಿನ ಟ್ರಂಕುಗಳೊಳಗೆ, ನೆಗೆಟಿವ್ ಮತ್ತು ಸ್ಲೈಡುಗಳ ಕಟ್ಟುಗಳು ಮಲಗಿವೆ. ಪ್ರತಿ ಮಳೆಗಾಲವೂ ಅವುಗಳಲ್ಲಿ ಒಂದಿಷ್ಟನ್ನು ತಿಂದುಹಾಕುತ್ತಿದೆ. ಫಿಲಮಿನ ಮೇಲೆ ಚಿತ್ರವನ್ನು ಹಿಡಿದಿಡುವ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ತಯಾರಾದ ವಸ್ತು. ಬೂಷ್ಟಿಗೆ ಅದು ಮೃಷ್ಟಾನ್ನ. ಫಿಲಮಿನಿಂದ ಡಿಜಿಟಲ್‌ಗೆ ಆದ ಪಲ್ಲಟದ ಬಗ್ಗೆ ಹಿರಿಯ ಛಾಯಾಗ್ರಾಹಕರು ಮರುಗುವಾಗ ಈ ಬೂಷ್ಟಿನ ಪ್ರಸ್ತಾಪ ಬರುವುದು ಅಪರೂಪ. ಬರಬೇಕಾದದ್ದು ಅದೇ.

ಪಲ್ಲಟವೇನೋ ನಿಂತುಹೋದ ವಾದ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೂಪಿಸಿದ ಮೊದಲ ಡಿಜಿಟಲ್ ಕ್ಯಾಮರಾ ಒಂದು ಮಸುಕು ಚಿತ್ರವನ್ನು ಕ್ಯಾಸೆಟ್ ಸುರುಳಿಯ ಮೇಲೆ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ಕಂಪನಿ 1935ರಿಂದ ಮಾರುತ್ತಿದ್ದ ಕೊಡಾಕ್ರೋಮ್ ಫಿಲಮನ್ನು 2009ರಲ್ಲಿ ನಿಲ್ಲಿಸಿತು. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಬೆಟ್ಟದ ಜನರಿಗೆ ಈ ಕಥೆ ದೂರದ್ದಲ್ಲ. ನೀಲಗಿರಿಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೋ ಫಿಲಂಸ್ ‘ಇಂದು’ ಹೆಸರಿನ ಫಿಲಮನ್ನು ದೇಶಕ್ಕೆಲ್ಲ ಒದಗಿಸಿತ್ತು. ಆ ಕಾರ್ಖಾನೆಯೂ ಬಾಗಿಲು ಮುಚ್ಚಿದೆ.

ಹಿರಿಯರ ವ್ಯಥೆಯಲ್ಲಿ ಸತ್ಯವಿಲ್ಲವೆಂದಲ್ಲ. ಒಂದು ಸುರುಳಿಗೆ 36 ಚಿತ್ರ; ಪ್ರತಿಯೊಂದಕ್ಕೂ ಹಣ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರ ಕಾಲದಲ್ಲಿ ಕಾಯುವುದೇ ಛಾಯಾಗ್ರಹಣದ ಅರ್ಧ ವಿದ್ಯೆಯಾಗಿತ್ತು. ಇಂದು ಒಂದು ಮರಿಹಕ್ಕಿಯ ಮುಂದೆ ಸಾವಿರ ಬಾರಿ ಗುಂಡಿ ಒತ್ತಬಹುದು. ಧ್ವನಿಮುದ್ರಿತ ಕೂಗಿನಿಂದ ಹಕ್ಕಿಯನ್ನು ಕರೆಯುವ, ಗೂಡಿನ ಸುತ್ತಲ ಟೊಂಗೆ ಕತ್ತರಿಸುವ ಚಾಳಿ ಕಾಡಿಗೆ ಬಂದಿದೆ. ಆದರೆ ಇದು ಯಂತ್ರದ ದೋಷವಲ್ಲ. ಗೂಡಿನ ಮರೆ ಕಿತ್ತವರು ಫಿಲಂ ಕಾಲದಲ್ಲಿಯೂ ಇದ್ದರು. ಸಂಯಮ ಇರುವುದು ಸುರುಳಿಯಲ್ಲಲ್ಲ, ಅದನ್ನು ಹಿಡಿದ ಕೈಯಲ್ಲಿ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮರಾ ಹೊತ್ತು ಅಲೆದವರು. ಕಂಪ್ಯೂಟರಿಗೆ ಕನ್ನಡ ತಂತ್ರಾಂಶ ಬೇಕೆಂದು ಹಟ ಹಿಡಿದವರೂ ಅವರೇ. ಹಳೆಯ ಧ್ಯಾನಕ್ಕೂ ಹೊಸ ಸಲಕರಣೆಗೂ ವೈರವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಿತ್ಯಹರಿದ್ವರ್ಣ ಕಾಡಿನ ನಡುಮಧ್ಯಾಹ್ನದ ಮಬ್ಬಿನಲ್ಲಿ ನಿಧಾನಗತಿಯ ಸ್ಲೈಡ್ ಫಿಲಂ ಸೋಲುತ್ತಿತ್ತು. ಅಲ್ಲಿನ ಕಪ್ಪೆ, ಅಣಬೆ, ಆರ್ಕಿಡ್‌ಗಳನ್ನು ಇಂದು ಹಳ್ಳಿಯ ವಿದ್ಯಾರ್ಥಿಯೂ ದಾಖಲಿಸಬಲ್ಲ. ಇದು ಸಣ್ಣ ಲಾಭವಲ್ಲ. ಹಾಗೆಂದು ಡಿಜಿಟಲ್ ಪರಿಶುದ್ಧವೆಂದು ನಂಬುವುದೂ ಭ್ರಮೆ. ಸ್ಟುಡಿಯೋಗಳ ಚರಂಡಿಗೆ ಹರಿಯುತ್ತಿದ್ದ ಬೆಳ್ಳಿ ಕರಗಿದ ರಾಸಾಯನಿಕ ನಿಂತಿತು, ನಿಜ. ಆದರೆ ಬ್ಯಾಟರಿಯ ಕೋಬಾಲ್ಟ್ ಕಾಂಗೋ ದೇಶದ ನೆಲವನ್ನು ಬಗೆದು ಬರುತ್ತದೆ. ಹಳತಾದ ಕ್ಯಾಮರಾ, ಮೊಬೈಲುಗಳು ಕಸದ ರಾಶಿ ಸೇರುತ್ತವೆ. ಇರುವ ಸಲಕರಣೆಯನ್ನು ದೀರ್ಘಕಾಲ ಬಳಸುವುದೇ ಪರಿಸರವಾದಿಗೆ ಒಪ್ಪುವ ಮಾರ್ಗ.

ಈಗ ಟ್ರಂಕಿನ ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯ ಊರುಗಳನ್ನು ಮುಳುಗಿಸಿತು. ಕುದುರೆಮುಖದಲ್ಲಿ ಗಣಿಗಾರಿಕೆ ನಿಂತದ್ದು 2005ರ ಡಿಸೆಂಬರ್ ಕೊನೆಯಲ್ಲಿ. ಮುಳುಗುವ ಮೊದಲು ಕಣಿವೆ ಹೇಗಿತ್ತು, ಅಗೆಯುವ ಮೊದಲು ಗುಡ್ಡ ಹೇಗಿತ್ತು ಎಂದು ಹೇಳಬಲ್ಲ ಚಿತ್ರಗಳೇನಾದರೂ ಉಳಿದಿದ್ದರೆ ಅವು ಫಿಲಮಿನಲ್ಲಿಯೇ ಇವೆ. ಮದುವೆಯ ಚಿತ್ರದ ಹಿನ್ನೆಲೆಯಲ್ಲಿ ನಿಂತ ಒಂದು ಬೆಟ್ಟವೂ ನಾಳೆ ದಾಖಲೆಯಾದೀತು. ಕಳೆದುಕೊಂಡದ್ದೇನೆಂದು ತೋರಿಸಲಾಗದ ಊರಿಗೆ ಉಳಿದದ್ದನ್ನು ಕೇಳುವ ಬಲವೂ ಕುಂದುತ್ತದೆ.

ಆದ್ದರಿಂದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಬಿಸಿಲಿರುವ ಒಣ ದಿನ ಟ್ರಂಕುಗಳನ್ನು ನೆರಳಿನಲ್ಲಿ ತೆರೆಯಲಿ. ವಿನೆಗರ್ ವಾಸನೆ ಬರುವ ಫಿಲಂ ಆಗಲೇ ಕೊಳೆಯಲಾರಂಭಿಸಿದೆ. ಅದನ್ನು ಬೇರೆಯಿಟ್ಟು ಮೊದಲು ಪ್ರತಿ ಮಾಡಲಿ. ಸ್ಕ್ಯಾನರ್ ಇಲ್ಲದಿದ್ದರೆ ಬೆಳಕಿನ ಬಿಳಿ ಹಲಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮರಾದಿಂದಲೇ ಚಿತ್ರ ತೆಗೆಯಬಹುದು. ಊರು, ವರ್ಷ, ಚಿತ್ರದಲ್ಲಿರುವುದೇನೆಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಹಾರ್ಡ್ ಡಿಸ್ಕೂ ಕೆಡುವ ವಸ್ತುವಾದ್ದರಿಂದ ಪ್ರತಿಗಳು ಎರಡು ಕಡೆ ಇರಲಿ. ಮೂಲ ಫಿಲಮನ್ನು ಮಾತ್ರ ಯಾರೂ ಎಸೆಯದಿರಲಿ.

ಹಳೆಯ ಕೈಗಳಿಗೆ ನೆನಪಿದೆ, ಹೊಸ ಕೈಗಳಿಗೆ ಯಂತ್ರ ತಿಳಿದಿದೆ. ಇವೆರಡೂ ಒಂದೇ ಜಗಲಿಯ ಮೇಲೆ ಕೂಡಬೇಕಾದದ್ದು ಮುಂದಿನ ಮಳೆಗಾಲಕ್ಕೆ ಮುನ್ನ.