ಕಾರ್ಖಾನೆಯ ಗೇಟಿನಿಂದ ಮನೆಯಂಗಳಕ್ಕೆ

1983ರ ಡಿಸೆಂಬರ್ 14. ಹರಿಯಾಣದ ಗುಡಗಾಂವ್‌ನ ಮಾರುತಿ ಕಾರ್ಖಾನೆಯಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಬಿಳಿ ಬಣ್ಣದ ಪುಟ್ಟ ಕಾರೊಂದರ ಕೀಲಿಕೈಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಎಂಬವರ ಕೈಗಿತ್ತರು. ಅದು ದೇಶದ ಮೊದಲ ಮಾರುತಿ 800. ಕಾರ್ಖಾನೆಯಿಂದಲೇ ಹೊಸ ಕಾರನ್ನು ಬಿಡಿಸಿಕೊಂಡು ಹೋಗುವ ಭಾಗ್ಯ ನಮ್ಮಲ್ಲಿ ತೀರ ಕಡಿಮೆ ಮಂದಿಗೆ ದಕ್ಕಿದೆ. ಜರ್ಮನಿಯ ವುಲ್ಫ್ಸ್‌ಬರ್ಗ್‌ನಲ್ಲಿ ಮಾತ್ರ ಇದೊಂದು ಹಬ್ಬವೇ ಸರಿ. ಅಲ್ಲಿ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರಗಳಲ್ಲಿ ಹೊಸ ಕಾರುಗಳನ್ನು ಜೋಡಿಸಿಟ್ಟಿರುತ್ತಾರೆ. ಕೊಂಡವರ ಸರದಿ ಬಂದಾಗ ಯಂತ್ರವೇ ಕಾರನ್ನು ಎತ್ತಿ ಕೆಳಗಿಳಿಸುತ್ತದೆ. ಚಕ್ರ ಉರುಳದ ಕಾರಣ ಕಿಲೋಮೀಟರ್ ಮಾಪಕದ ಅಂಕಿ ಹೆಚ್ಚುಕಡಿಮೆ ಸೊನ್ನೆಯಲ್ಲೇ ಇರುತ್ತದೆ.

ಕರ್ನಾಟಕದಲ್ಲಿಯೂ ಕಾರಿನ ಕಾರ್ಖಾನೆ ಇದೆ. ಬಿಡದಿಯ ಟೊಯೋಟ ಕಿರ್ಲೋಸ್ಕರ್ ಘಟಕದಲ್ಲಿ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಕೆ ಆರಂಭವಾಯಿತು. ಆದರೆ ನಿಟ್ಟೆಯವರೊಬ್ಬರು ಅಲ್ಲಿಯ ಕಾರನ್ನು ಕೊಂಡರೆ ಅದು ಉದ್ದದ ಟ್ರೈಲರ್ ಲಾರಿಯೇರಿ, ಘಟ್ಟವಿಳಿದು ಡೀಲರ ಅಂಗಳಕ್ಕೆ ಬರುತ್ತದೆ. ಕಾರು ತನ್ನ ಕಾಲ ಮೇಲೆ ನಡೆದು ಬರುವುದಿಲ್ಲ.

ಕಾರ್ಖಾನೆಯಿಂದ ನಿಜವಾಗಿಯೂ ಉರುಳಿಕೊಂಡೇ ಬಂದದ್ದು ಕರಾವಳಿಯ ಬಸ್ಸು. ಕಾರ್ಕಳ, ಉಡುಪಿ, ಮಂಗಳೂರಿನ ಕಡೆ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಮಾಲಕರು ಕೊಳ್ಳುತ್ತಿದ್ದುದು ಇಡೀ ಬಸ್ಸನ್ನಲ್ಲ. ಎಂಜಿನ್, ಚಕ್ರ, ಸ್ಟಿಯರಿಂಗ್ ಮಾತ್ರ ಇರುವ ಚಾಸಿಯನ್ನು. ಅದನ್ನು ಬಾಡಿ ಕಟ್ಟುವ ಗ್ಯಾರೇಜಿನವರೆಗೆ ಒಬ್ಬ ಡ್ರೈವರ್ ಓಡಿಸಿಕೊಂಡು ಬರಬೇಕು. ತಲೆಯ ಮೇಲೆ ಸೂರಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ, ಕೂರಲು ಕಟ್ಟಿದ ತಾತ್ಕಾಲಿಕ ಸೀಟು. ತಲೆಗೆ ಮುಂಡಾಸು ಸುತ್ತಿ, ಬಿಸಿಲು ಮಳೆ ಧೂಳನ್ನೆಲ್ಲ ನುಂಗುತ್ತ ಬರುತ್ತಿದ್ದ ಈ ಚಾಸಿ ಡ್ರೈವರುಗಳನ್ನು ಹೆದ್ದಾರಿಯಲ್ಲಿ ಕಂಡವರು ಮರೆಯಲಾರರು. ಮೋಟಾರು ವಾಹನಗಳ ತಾತ್ಕಾಲಿಕ ನೋಂದಣಿಯ ನಿಯಮದಲ್ಲಿಯೂ ಬಾಡಿ ಕಟ್ಟದ ಚಾಸಿಯ ಪ್ರಸ್ತಾಪ ಇದೆ. ಗ್ಯಾರೇಜಿನಲ್ಲಿ ಕೆಲಸ ಮುಗಿಯದಿದ್ದರೆ ಅವಧಿಯನ್ನು ವಿಸ್ತರಿಸಲು ಅದರಲ್ಲಿ ಅವಕಾಶವಿದೆ.

ಆ ಡ್ರೈವರುಗಳ ಕೆಲಸ ಬರೀ ಕಷ್ಟದ್ದಲ್ಲ, ಅಪಾಯದ್ದೂ ಹೌದು. ಕಾರಣ ಭೌತಶಾಸ್ತ್ರದಲ್ಲಿದೆ. ಬಸ್ಸಿನ ಲೀಫ್ ಸ್ಪ್ರಿಂಗುಗಳನ್ನು ತುಂಬಿದ ಬಸ್ಸಿನ ಭಾರಕ್ಕೆ ತಕ್ಕಂತೆ ಬಿಗಿಯಾಗಿ ಮಾಡಿರುತ್ತಾರೆ. ಬರಿಯ ಚಾಸಿಯ ಭಾರಕ್ಕೆ ಅವು ಬಗ್ಗುವುದೇ ಇಲ್ಲವೆನ್ನಬಹುದು. ಪ್ರತಿಯೊಂದು ಗುಂಡಿಯೂ ನೇರ ಬೆನ್ನುಹುರಿಗೆ ತಾಗುತ್ತದೆ. ಬ್ರೇಕಿನದೂ ಅದೇ ಕತೆ. ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾದರೆ ರಸ್ತೆಯ ಮೇಲಿನ ಹಿಡಿತವೂ ಕಡಿಮೆ. ಬ್ರೇಕನ್ನು ಜೋರಾಗಿ ತುಳಿದರೆ ಆ ಚಕ್ರಗಳು ಉರುಳುವುದನ್ನು ಬಿಟ್ಟು ಜಾರತೊಡಗುತ್ತವೆ, ಚಾಸಿಯ ಹಿಂಭಾಗ ಅಡ್ಡ ತಿರುಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಇಳಿಯುವಾಗ ಹೀಗಾದರೆ ಗತಿಯೇನು? ಬಸ್ಸಿಗೆ ಹೂವಿನ ಹಾರ ಹಾಕುವ ದಿನ ಈ ಡ್ರೈವರನ್ನು ನೆನೆದವರು ಎಷ್ಟು ಮಂದಿಯೋ!

ಈಗ ಕಾರಿನ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ದುಡಿಯುವ ಮಗ ಅಲ್ಲಿಯೇ ಹೊಸ ಕಾರು ಕೊಂಡು, ತಂದೆ ತಾಯಿಯರನ್ನು ಕೂರಿಸಿಕೊಂಡು, ಧರ್ಮಸ್ಥಳದಲ್ಲಿ ಪೂಜೆ ಮಾಡಿಸಿ, ಗುರುವಾಯನಕೆರೆ, ನಾರಾವಿ, ಬಜಗೋಳಿ, ಕಾರ್ಕಳದ ದಾರಿಯಾಗಿ ನಿಟ್ಟೆಗೆ ತರುವುದುಂಟು. ಚಕ್ರದ ಅಡಿಗೆ ನಿಂಬೆಹಣ್ಣು ಇಡುವುದನ್ನು ಯಾರೂ ಮರೆಯುವುದಿಲ್ಲ. ಕಾರಿನೊಡನೆ ಕೊಟ್ಟ ಕೈಪಿಡಿಯನ್ನು ಮಾತ್ರ ಯಾರೂ ತೆರೆಯುವುದಿಲ್ಲ. ಮುನ್ನೂರು ಕಿ.ಮೀ.ಗೂ ಮಿಕ್ಕ ಆ ಮೊದಲ ಪಯಣದಲ್ಲಿ ಕಾರಿನೊಳಗೆ ಏನೇನು ನಡೆಯುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಯಾದರೂ ತಿಳಿದಿರಬೇಕು.

ಎಂಜಿನ್ನಿನ ಸಿಲಿಂಡರ್ ಗೋಡೆ ಕಣ್ಣಿಗೆ ನುಣುಪು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಒಂದನ್ನೊಂದು ಕತ್ತರಿಸುವ ಓರೆ ಗೆರೆಗಳು ಕಾಣುತ್ತವೆ. ಇವನ್ನು ಬೇಕೆಂದೇ ಗೀರಿರುತ್ತಾರೆ, ಎಣ್ಣೆ ನಿಲ್ಲಲೆಂದು. ಗೆರೆಗಳ ನಡುವೆ ಪುಟ್ಟ ಪುಟ್ಟ ದಿಬ್ಬಗಳಿರುತ್ತವೆ. ಪಿಸ್ಟನ್ನಿನ ರಿಂಗುಗಳು ಮೇಲೆ ಕೆಳಗೆ ಉಜ್ಜುತ್ತ ಈ ದಿಬ್ಬಗಳ ತಲೆಯನ್ನು ಸವೆಸಿ, ಗೋಡೆಗೆ ಸರಿಯಾಗಿ ಕೂರಬೇಕು. ಹೊಸ ಅರೆಯುವ ಕಲ್ಲಿನಲ್ಲಿ ಕಲ್ಲೂ ಗುಂಡೂ ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ದಿನ ಹಿಡಿಯುವುದಿಲ್ಲವೇ, ಹಾಗೆ. ಹಳೆಯ ಕಾಲದ ಕಾರುಗಳ ಹಿಂದೆ ‘ರನ್ನಿಂಗ್ ಇನ್’ ಎಂಬ ಚೀಟಿ ಅಂಟಿಸುತ್ತಿದ್ದುದು ಇದಕ್ಕೇ: ಮೆಲ್ಲ ಹೋಗುತ್ತೇವೆ, ನೀವು ಮುಂದೆ ಹೋಗಿ ಎಂದು.

ಮೆಲ್ಲ ಹೋಗುವುದೆಂದರೆ ಒಂದೇ ವೇಗದಲ್ಲಿ ತೆವಳುವುದಲ್ಲ. ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿಯಷ್ಟೇ ಅಲ್ಲ; ಉರಿದ ಅನಿಲದ ಒತ್ತಡ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಎಂಜಿನ್ನಿಗೆ ಸಾಧಾರಣ ಹೊರೆ ಬೀಳಬೇಕು, ವೇಗ ಏರುತ್ತ ಇಳಿಯುತ್ತ ಇರಬೇಕು, ಅತಿ ವೇಗವೂ ಕಿರಿಚುವ ಎಂಜಿನ್ನೂ ಕೂಡದು. ಮೊದಲ 1000 ಕಿ.ಮೀ. ಹೀಗೆ ಸಾಗಿದರೆ ಸಾಕು. ಈಗಿನ ಯಂತ್ರಗಳ ಕೆತ್ತನೆ ಹಿಂದಿಗಿಂತ ಎಷ್ಟೋ ನಿಖರವಾದ್ದರಿಂದ ಈ ಪಥ್ಯ ಸಡಿಲಾಗಿದೆ, ಪೂರ್ತಿ ಹೋಗಿಲ್ಲ.

ಎಂಜಿನ್ನಿನ ವಿಷಯದಲ್ಲಿ ಎಡವಿದರೆ ಹೋಗುವುದು ಹಣ. ಬ್ರೇಕು, ಟಯರುಗಳ ವಿಷಯದಲ್ಲಿ ಎಡವಿದರೆ ಹೋಗುವುದು ಜೀವ. ಹೊಸ ಬ್ರೇಕ್ ಪ್ಯಾಡಿನ ಮೇಲ್ಮೈ ಡಿಸ್ಕಿಗೆ ಪೂರ್ತಿ ತಾಗುವುದಿಲ್ಲ. ಅಲ್ಲಲ್ಲಿ ಮಾತ್ರ ತಾಗುತ್ತದೆ. ತಾಗಿದ ಜಾಗ ವಿಪರೀತ ಕಾಯುತ್ತದೆ. ಹೊಸ ಟಯರಿನ ಮೈ ಕೂಡ ಮೊದಲ ಕೆಲವು ನೂರು ಕಿ.ಮೀ. ನುಣುಪಾಗಿರುತ್ತದೆ, ಹಿಡಿತ ಪೂರ್ತಿ ಬಂದಿರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ಜನರೂ ಸಾಮಾನೂ ಸೇರಿ 1500 ಕಿಲೋಗ್ರಾಂ ತೂಗುವ ಕಾರು ಘಟ್ಟದಲ್ಲಿ 800 ಮೀಟರ್ ಕೆಳಗಿಳಿಯಿತೆನ್ನಿ. ಅದು ಕಳೆದುಕೊಳ್ಳುವ ಸ್ಥಿತಿಶಕ್ತಿ 1500 × 9.8 × 800, ಅಂದರೆ ಸುಮಾರು 118 ಲಕ್ಷ ಜೂಲ್. ಅಷ್ಟು ಶಾಖದಲ್ಲಿ 30 ಡಿಗ್ರಿಯ ಸುಮಾರು 40 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಬಚ್ಚಲಿನ ಹಂಡೆಯಷ್ಟು ನೀರು! ಇದರಲ್ಲಿ ಗಾಳಿಯ ತಡೆ, ಟಯರಿನ ಉಜ್ಜಾಟ ನುಂಗಿ ಉಳಿದುದೆಲ್ಲ ಬ್ರೇಕಿನ ತಲೆಗೇ ಬರಬೇಕೆಂದಿಲ್ಲ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಎಂಜಿನ್ನೇ ಕಾರನ್ನು ಹಿಂದಕ್ಕೆ ಹಿಡಿಯುತ್ತದೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಆ ಹಂಡೆಯನ್ನು ಇನ್ನೂ ಪಳಗದ ಬ್ರೇಕಿನ ಮೇಲಿಡುತ್ತಾರೆ. ಉಳಿತಾಯವೂ ಇಲ್ಲ, ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುವ ಕಾರುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಇಂಧನದ ಹರಿವು ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾದಂಥ ವಿದ್ಯುತ್ ಕಾರಿಗೆ ಪಿಸ್ಟನ್ನೂ ಇಲ್ಲ, ರಿಂಗೂ ಇಲ್ಲ. ಆದರೆ ಬ್ರೇಕು, ಟಯರುಗಳ ಪಥ್ಯ ಅದಕ್ಕೂ ತಪ್ಪಿದ್ದಲ್ಲ.

ಸ್ವಾರಸ್ಯವೆಂದರೆ ನಿಟ್ಟೆಯಲ್ಲಿಯೇ ಲ್ಯಾಮಿನಾ ಫೌಂಡ್ರಿ ಇದೆ. ವಾಹನಗಳ ಎರಕದ ಬಿಡಿಭಾಗಗಳು ಅಲ್ಲಿ ತಯಾರಾಗಿ ಊರು ಬಿಟ್ಟು ಹೋಗುತ್ತವೆ. 1986ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜೂ ಇದೇ ಊರಿನದು. ಹೊಸ ಕಾರಿಗೆ ಮೊದಲ ಬಾರಿ ಆಯಿಲ್ ಬದಲಿಸುವಾಗ ಮಕ್ಕಳು ಗ್ಯಾರೇಜಿಗೆ ಹೋಗಿ, ಹಳೆಯ ಆಯಿಲ್ ಒಂದು ಲೋಟದಷ್ಟು ಕೇಳಿ ತರಲಿ. ಅದರಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಅಯಸ್ಕಾಂತವನ್ನು ಅದ್ದಿ, ಮೆಲ್ಲನೆ ಆಡಿಸಿ, ಮೇಲೆತ್ತಿ ಬಿಸಿಲಿಗೆ ಹಿಡಿಯಲಿ. ಹಾಳೆಗೆ ಅಂಟಿದ ಬೂದು ಬಣ್ಣದ ನುಣ್ಣನೆಯ ಪುಡಿ ಕಂಡರೆ ಅದು ಸವೆದ ಕಬ್ಬಿಣ. ಆ ದಿಬ್ಬಗಳ ತಲೆಯೂ ಅದರಲ್ಲಿ ಸೇರಿರುತ್ತದೆ.