ಗಣಿಯ ಮಣ್ಣೂ ಇಂಗಾಲದ ಲೆಕ್ಕವೂ

ಅಗೆದು ಹಾಳುಗೆಡವಿದ ನೆಲವನ್ನು ಮರಳಿ ಸುಸ್ಥಿತಿಗೆ ತಂದಿರುವೆವೆಂದು ಹೇಳತಕ್ಕವರು ಅದಕ್ಕೆ ಕೊಡುವ ಸಾಕ್ಷ್ಯವಾವುದು? ನೆಟ್ಟ ಸಸಿಗಳ ಸಂಖ್ಯೆ. ನೆಟ್ಟ ದಿನದ ಭಾವಚಿತ್ರವನ್ನೂ ಲಗತ್ತಿಸುವುದುಂಟು. ಭಾವಚಿತ್ರದಲ್ಲಿ ನಮ್ಮವರಿಗೆ ಆಸಕ್ತಿ ಹೆಚ್ಚು. ಸಸಿಯ ಬೇರಿನ ಕೆಳಗಿರುವುದು ಮಣ್ಣೋ ಬರಿಯ ಪುಡಿಗಲ್ಲೋ ಎಂದು ಕೇಳುವವರು ವಿರಳ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಹಾಜನರಿಗೆ ಈ ಪ್ರಶ್ನೆ ಪರಕೀಯವಾದುದಲ್ಲ. ಹೊನ್ನಾಳಿ ಸೀಮೆಯಲ್ಲಿ ಹಿಂದೆ ಚಿನ್ನಕ್ಕಾಗಿ ನೆಲವನ್ನಗೆದದ್ದುಂಟು. ಜಗಳೂರು 1997ರವರೆಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಗಣಿಗಳು ಚನ್ನಗಿರಿಗೆ ಬಹು ದೂರವೇನೂ ಇಲ್ಲ. 2011ನೆಯ ಇಸವಿಯ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗಣಿಗಳನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಿಂದ ಘೋರ ಅಕ್ರಮ ನಡೆದಿದ್ದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದುವು. ಉಳಿದವರು ನೆಲದ ಪುನರುಜ್ಜೀವನದ ಯೋಜನೆಯನ್ನು ನಡೆಸತಕ್ಕದ್ದೆಂದು ವಿಧಿಸಲಾಯಿತು. 2020ರ ಜನವರಿಯಲ್ಲಿ, ಗಣಿ ಮುಗಿದ ನೆಲದಲ್ಲಿ ಹುಲ್ಲು ಬೆಳೆಸಬೇಕೆಂಬ ಆಜ್ಞೆಯೂ ದೇಶಕ್ಕೆಲ್ಲ ಅನ್ವಯಿಸುವಂತೆ ಹೊರಟಿತು. ಆಜ್ಞೆಗಳಿಗೇನೋ ಕೊರತೆಯಿಲ್ಲ. ಅಳೆಯುವ ಕೋಲು ಯಾವುದೆಂಬುದೇ ನಮ್ಮ ಪ್ರಶ್ನೆ.

ನೆಲಕ್ಕೆ ಜೀವ ಬಂದಿದೆಯೆಂಬುದಕ್ಕೆ ಅದರಲ್ಲಿ ಸೇರಿದ ಸಾವಯವ ಇಂಗಾಲಕ್ಕಿಂತ ನಂಬತಕ್ಕ ಗುರುತು ಮತ್ತೊಂದಿಲ್ಲ. ಬೇರು, ಎಲೆ, ಹುಲ್ಲು ಕೊಳೆತು ಮಣ್ಣಾಗುವುದೇ ಅದು. ನೀರನ್ನು ಹಿಡಿಯುವುದೂ ಅದೇ. ಆದರೆ ಗಣಿಯ ನೆಲದಲ್ಲಿ ಇದನ್ನು ಅಳೆಯುವುದು ಹೊಲದಲ್ಲಿ ಅಳೆದಷ್ಟು ಸುಲಭವಲ್ಲ. ನಮ್ಮ ಪರೀಕ್ಷಾಲಯಗಳಲ್ಲಿ ರೂಢಿಯಲ್ಲಿರುವುದು ವಾಕ್ಲಿ ಮತ್ತು ಬ್ಲ್ಯಾಕ್ ಎಂಬವರು 1934ರಲ್ಲಿ ಪ್ರಕಟಿಸಿದ ವಿಧಾನ: ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟನ್ನೂ ಗಂಧಕಾಮ್ಲವನ್ನೂ ಸೇರಿಸಿ, ಎಷ್ಟು ಡೈಕ್ರೋಮೇಟು ವ್ಯಯವಾಯಿತೆಂಬುದರಿಂದ ಇಂಗಾಲವನ್ನು ಗಣಿಸುವುದು. ಫೆರಸ್ ರೂಪದ ಕಬ್ಬಿಣವೂ ಈ ಡೈಕ್ರೋಮೇಟನ್ನು ತಿನ್ನುತ್ತದೆ. ಆಗ ಇಲ್ಲದ ಇಂಗಾಲ ಇದ್ದಂತೆ ತೋರುತ್ತದೆ. ಮ್ಯಾಂಗನೀಸಿನ ಆಕ್ಸೈಡಿದ್ದರೆ ಇದರ ವಿಪರೀತ, ಇದ್ದುದೂ ಕಡಿಮೆಯಾಗಿ ಕಾಣುತ್ತದೆ. ಕಬ್ಬಿಣ ಮ್ಯಾಂಗನೀಸುಗಳ ಗುಡ್ಡದಲ್ಲಿಯೇ ಈ ಪರೀಕ್ಷೆಯನ್ನು ಕಣ್ಣುಮುಚ್ಚಿ ನಡೆಸುವುದು ಎಷ್ಟು ಸರಿ? ಮಣ್ಣನ್ನು ಸುಟ್ಟು ಅಳೆಯುವ ಯಂತ್ರ ಇದಕ್ಕಿಂತ ಮೇಲು. ಆದರೆ ಸುಣ್ಣದ ಹರಳುಗಳಿರುವ ಕಪ್ಪು ಮಣ್ಣಿನಲ್ಲಿ ಸುಣ್ಣದ ಇಂಗಾಲವನ್ನು ಮೊದಲು ಕಳೆಯದಿದ್ದರೆ ಅದೂ ಮೋಸಗೊಳಿಸುತ್ತದೆ.

ಇನ್ನು ಕಲ್ಲಿನ ಲೆಕ್ಕ. ಒಂದು ಹೆಕ್ಟೇರಿನಲ್ಲಿ 30 ಸೆಂಟಿಮೀಟರು ಆಳದವರೆಗೆ, ಘನ ಮೀಟರಿಗೆ 1.4 ಟನ್ನಿನಂತೆ, 4,200 ಟನ್ ಮಣ್ಣಿದೆಯೆಂದಿಟ್ಟುಕೊಳ್ಳೋಣ. ಇಂಗಾಲವು ಶೇಕಡಾ ಅರ್ಧವಾದರೆ 21 ಟನ್ನಾಯಿತು. ಪರೀಕ್ಷೆಯಾದರೋ 2 ಮಿಲಿಮೀಟರಿನ ಜರಡಿಯಲ್ಲಿ ಇಳಿದ ನಯವಾದ ಮಣ್ಣಿಗೆ ಮಾತ್ರ. ತೂಕದಲ್ಲಿ ಅರ್ಧ ಪಾಲು ಕಲ್ಲೇ ಇದ್ದರೆ ನಿಜವಾಗಿ ಇರುವುದು ಹತ್ತೂವರೆ ಟನ್. ವರದಿಯಲ್ಲಿ ಶೇಕಡಾವಾರನ್ನು ಮಾತ್ರ ಬರೆದವನು ಸುಳ್ಳು ಹೇಳಿದಂತಾಗಲಿಲ್ಲ, ನಿಜವನ್ನೂ ಹೇಳಲಿಲ್ಲ.

ಇಂಗಾಲಕ್ಕೆ ಬೆಲೆ ಕಟ್ಟಿ ಮಾರುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದೆ. ಲೆಕ್ಕಕ್ಕೆ ಹಣ ಕೂಡಿಕೊಂಡಮೇಲೆ ಲೆಕ್ಕ ಬರೆಯುವವನ ಕೈ ಯಾವ ಕಡೆಗೆ ವಾಲುವುದೆಂಬುದನ್ನು ಅಧಿಕಾರಿವರ್ಗದವರಿಗೆ ನಾವು ತಿಳಿಸಬೇಕಾದುದಿಲ್ಲ. ಆದುದರಿಂದ ಗಣಿ ಇಲಾಖೆಯವರು ಮೂರು ವಿಷಯಗಳನ್ನು ಕಡ್ಡಾಯಗೊಳಿಸಲಿ. ಗಣಿ ತೆರೆಯುವ ಮೊದಲೇ ಮಣ್ಣನ್ನು ಅಳೆದಿಡತಕ್ಕದ್ದು. ಅನಂತರ ಅದೇ ಆಳದಲ್ಲಿ, ಕಲ್ಲಿನ ತೂಕವನ್ನು ಕಳೆದು, ಪಕ್ಕದ ಅಗೆಯದ ಕಾಡಿನ ಮಣ್ಣಿನೊಡನೆ ಹೋಲಿಸಿ ಅಳೆಯತಕ್ಕದ್ದು. ಮಾದರಿಯನ್ನು ತೆಗೆಯುವವರು ಗುತ್ತಿಗೆದಾರರಿಂದ ಸಂಬಳ ಪಡೆಯುವವರಾಗಿರಕೂಡದು. ಬಂದ ಅಂಕಿಗಳನ್ನು ಆಯಾ ಗ್ರಾಮಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಲಿ.