13 ಗೆಲುವು, 1 ಸೋಲು: ವಿಜೇಂದರ್ ಲೆಕ್ಕ ನಮ್ಮೂರ ಹುಡುಗರಿಗೆ ಏನು ಹೇಳುತ್ತೆ?

ಹರಿಯಾಣದ ಕರ್ನಾಲ್‌ನ ನಿಶಾಂತ್ ದೇವ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಸೋತರು. ಅದೊಂದು ಫೈಟ್ ಗೆದ್ದಿದ್ದರೆ ಪದಕ ಗ್ಯಾರಂಟಿ ಇತ್ತು. ಆರು ತಿಂಗಳು ಕಳೆಯೋದರೊಳಗೆ, 2025ರ ಜನವರಿಯಲ್ಲಿ, ಅಮೆರಿಕದ ಲಾಸ್ ವೇಗಸ್‌ನಲ್ಲಿ ಪ್ರೊಫೆಷನಲ್ ಬಾಕ್ಸರ್ ಆಗಿ ರಿಂಗ್‌ಗೆ ಇಳಿದರು, ಮೊದಲ ಸುತ್ತಿನಲ್ಲೇ ಗೆದ್ದರು. ಆಗ ಅವರಿಗೆ 24 ವರ್ಷ.

ಇಂಥ ವಿಡಿಯೋ ಮೊಬೈಲ್‌ಗೆ ಬಂದ ಮೇಲೆ ತಾಲ್ಲೂಕಿನ ಜಿಮ್‌ಗಳಲ್ಲಿ ಗ್ಲೌಸ್ ಹಾಕಿಕೊಂಡ ಹುಡುಗರೂ "ಪ್ರೊ ಆಗ್ತೀನಿ" ಅನ್ನೋದು ಸಹಜ. ಆಗಬಾರದು ಅಂತ ಹೇಳೋಕೆ ಈ ಬರಹ ಅಲ್ಲ. ಆದರೆ ಈ ದಾರಿಯಲ್ಲಿ ಮೊದಲೇ ನಡೆದು ಬಂದ ಒಬ್ಬರ ಲೆಕ್ಕ ನಮ್ಮ ಮುಂದಿದೆ. ಅದನ್ನು ಒಮ್ಮೆ ಕೂತು ನೋಡೋಣ.

ಬಸ್ ಡ್ರೈವರ್ ಮಗ

ವಿಜೇಂದರ್ ಸಿಂಗ್ ಹರಿಯಾಣದ ಭಿವಾನಿ ಹತ್ತಿರದ ಕಾಲುವಾಸ್ ಹಳ್ಳಿಯವರು. ತಂದೆ ಹರಿಯಾಣ ರೋಡ್‌ವೇಸ್‌ನಲ್ಲಿ ಬಸ್ ಡ್ರೈವರ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 75 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಭಾರತಕ್ಕೆ ಬಾಕ್ಸಿಂಗ್‌ನಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. 2009ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಕಂಚು, 2010ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ. ಹರಿಯಾಣ ಪೊಲೀಸ್‌ನಲ್ಲಿ ಡಿಎಸ್‌ಪಿ ಹುದ್ದೆಯೂ ಸಿಕ್ಕಿತು.

2015ರಲ್ಲಿ ಇಂಗ್ಲೆಂಡಿನ ಪ್ರೊಮೋಟರ್ ಫ್ರಾಂಕ್ ವಾರೆನ್ ಅವರ ಕಂಪನಿ ಜೊತೆ ಸಹಿ ಹಾಕಿ ಪ್ರೊ ಆದರು. ಆ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಫೈಟ್ ಆಡಿ ಮೂರನೇ ಸುತ್ತಿನಲ್ಲೇ ಗೆದ್ದರು. 2016ರ ಜುಲೈನಲ್ಲಿ ದೆಹಲಿಯಲ್ಲಿ ಕೆರಿ ಹೋಪ್ ಅವರನ್ನು ಸೋಲಿಸಿ ಡಬ್ಲ್ಯೂಬಿಒ ಏಷ್ಯಾ ಪೆಸಿಫಿಕ್ ಪಟ್ಟ ತಗೊಂಡರು. ದೇಶವೆಲ್ಲ ಚಪ್ಪಾಳೆ ಹೊಡೀತು.

ಒಟ್ಟು 14 ಫೈಟ್. 13 ಗೆಲುವು, 1 ಸೋಲು. ಕೇಳೋಕೆ ಭರ್ಜರಿ ಅನ್ಸುತ್ತೆ. ಹಾಗಾದರೆ ಒಂದು ಸಲವೂ ವಿಶ್ವ ಪಟ್ಟದ ಫೈಟ್ ಯಾಕೆ ಸಿಗಲಿಲ್ಲ?

ತಡವಾಗಿ ತೆರೆದ ಅಂಗಡಿ

ಮೊದಲ ಕಾರಣ ವಯಸ್ಸು. ಪ್ರೊ ಆಗಿ ಮೊದಲ ಫೈಟ್ ಆಡಿದಾಗ ಅವರಿಗೆ 30 ತುಂಬೋಕೆ ಕೆಲವೇ ದಿನ ಬಾಕಿ. ಒಲಿಂಪಿಕ್ ಶೈಲಿಯಲ್ಲಿ ಮೂರು ನಿಮಿಷದ ಮೂರು ಸುತ್ತು, ಅಷ್ಟೇ. ಪ್ರೊದಲ್ಲಿ ನಾಲ್ಕು ಸುತ್ತಿನಿಂದ ಶುರುವಾಗಿ ವಿಶ್ವ ಪಟ್ಟಕ್ಕೆ ಹನ್ನೆರಡು ಸುತ್ತು. ಉಸಿರು ಬೇರೆ, ಆಟ ಬೇರೆ, ಏಟಿನ ಲೆಕ್ಕವೂ ಬೇರೆ. ಅದನ್ನೆಲ್ಲ ಹೊಸದಾಗಿ ಕಲಿಯೋಕೆ ವರ್ಷಗಳು ಬೇಕು.

ಎರಡನೇ ಕಾರಣ ಇನ್ನೂ ಮುಖ್ಯ. ತಾರೀಖು ನೋಡಿ. 2015ರ ಅಕ್ಟೋಬರ್‌ನಿಂದ 2016ರ ಡಿಸೆಂಬರ್‌ವರೆಗೆ, ಅಂದರೆ ಸುಮಾರು 15 ತಿಂಗಳಲ್ಲಿ 8 ಫೈಟ್. ಆಮೇಲೆ 2017ರಲ್ಲಿ 2. 2018ರಲ್ಲಿ ಒಂದೂ ಇಲ್ಲ. 2019ರಲ್ಲಿ 2. 2020ರಲ್ಲಿ ಕೊರೊನಾ. 2021ರಲ್ಲಿ 1, 2022ರಲ್ಲಿ 1. ಆರು ವರ್ಷಕ್ಕೆ ಆರೇ ಫೈಟ್!

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ವರ್ಷಕ್ಕೊಂದು ಸಲ ಶಟರ್ ಎತ್ತಿದರೆ ಎಷ್ಟೇ ದೊಡ್ಡ ಬೋರ್ಡ್ ಇದ್ದರೂ ಗಿರಾಕಿ ನಿಲ್ಲಲ್ಲ. 2019ರಲ್ಲಿ ಅಮೆರಿಕದ ದೊಡ್ಡ ಕಂಪನಿ ಟಾಪ್ ರ‍್ಯಾಂಕ್ ಜೊತೆ ಸೇರಿ ನ್ಯೂಅರ್ಕ್‌ನಲ್ಲಿ ಗೆದ್ದರೂ ಆ ವೇಗ ಮುಂದುವರಿಯಲಿಲ್ಲ. ಅದೇ ವರ್ಷ ಪೊಲೀಸ್ ಹುದ್ದೆ ಬಿಟ್ಟು ಕಾಂಗ್ರೆಸ್‌ನಿಂದ ದಕ್ಷಿಣ ದೆಹಲಿ ಲೋಕಸಭೆಗೆ ನಿಂತು ಸೋತರು. 2024ರಲ್ಲಿ ಬಿಜೆಪಿ ಸೇರಿದರು.

2021ರ ಮಾರ್ಚ್‌ನಲ್ಲಿ ಗೋವಾದ ಕ್ಯಾಸಿನೋ ಹಡಗಿನ ಮೇಲೆ ರಷ್ಯಾದ ಆರ್ಟಿಶ್ ಲೋಪ್ಸಾನ್ ಎದುರು ಐದನೇ ಸುತ್ತಿನಲ್ಲಿ ಸೋತಾಗ ವಿಜೇಂದರ್‌ಗೆ 35. ಎದುರಾಳಿ ಅವರಿಗಿಂತ ಚಿಕ್ಕವರು, ಎತ್ತರದವರು. ಹದಿನಾರು ತಿಂಗಳು ರಿಂಗ್ ಬಿಟ್ಟಿದ್ದ ದೇಹ ಅದನ್ನು ತಡೆಯಲಿಲ್ಲ.

ದಾಖಲೆ ನೋಡಿ ಮೋಸ ಹೋಗಬೇಡಿ

ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ತೂಕ, ಅನುಭವ ನೋಡಿ ಸರಿಸಮ ಜೋಡಿ ಮಾಡೋದು ಹಿರಿಯರ ಕೆಲಸ. ಪ್ರೊ ಬಾಕ್ಸಿಂಗ್‌ನಲ್ಲೂ ಜೋಡಿ ಕಟ್ಟುತ್ತಾರೆ, ಆದರೆ ಕಟ್ಟೋದು ಹಣ ಹಾಕಿದ ಪ್ರೊಮೋಟರ್. ತನ್ನ ಹುಡುಗ ಬೆಳೆಯೋವರೆಗೆ ಸೋಲಬಾರದು ಅನ್ನೋದೇ ಅವನ ಆಸೆ. ಹಾಗಾಗಿ ಮೊದಲ ಹತ್ತು ಗೆಲುವು ಎಷ್ಟು ಗಟ್ಟಿ ಅಂತ ತಿಳಿಬೇಕಾದರೆ ಸೋತವರು ಯಾರು ಅಂತ ನೋಡಬೇಕು.

ಇದರ ಇನ್ನೊಂದು ಮುಖ ಇಂಗ್ಲೆಂಡಿನ ಪೀಟರ್ ಬಕ್ಲಿ. 2008ರಲ್ಲಿ ನಿವೃತ್ತಿ ಆದಾಗ ಅವರ ಹೆಸರಲ್ಲಿ 300 ಫೈಟ್. ಗೆದ್ದಿದ್ದು 32, ಸೋತಿದ್ದು 256, ಉಳಿದ 12 ಡ್ರಾ. ಕರೆದಾಗ ಹೋಗೋದು, ಹೊಸ ಹುಡುಗನ ಜೊತೆ ಸುತ್ತು ಮುಗಿಸೋದು, ಕೂಲಿ ತಗೊಂಡು ಮನೆಗೆ ಬರೋದು. ಇಂಥವರು ಇಲ್ಲದಿದ್ದರೆ ಆ ಉದ್ಯಮವೇ ನಡೆಯಲ್ಲ. ಪ್ರೊ ಆಗ್ತೀನಿ ಅನ್ನೋ ಹುಡುಗರೆಲ್ಲ ಟೈಸನ್ ಫೋಟೋ ಹಾಕ್ಕೊಳ್ತಾರೆ. ಆದರೆ ಈ ಕೆಲಸಕ್ಕೆ ಸೇರಿದ ಬಹಳ ಜನರ ಬದುಕು ಬಕ್ಲಿ ಅವರ ಬದುಕಿಗೇ ಹತ್ತಿರ.

ದುಡ್ಡಿನ ವಿಷಯವೂ ಹಾಗೇ. ಫೈಟ್‌ಗೆ ಬರೋ ಹಣ ಪೂರ್ತಿ ಬಾಕ್ಸರ್ ಜೇಬಿಗೆ ಹೋಗಲ್ಲ. ಕೋಚ್‌ಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು, ಮ್ಯಾನೇಜರ್‌ಗೆ ಅದಕ್ಕಿಂತ ಜಾಸ್ತಿ, ಪಟ್ಟದ ಫೈಟ್ ಆದರೆ ಆ ಸಂಸ್ಥೆಗೂ ಶುಲ್ಕ. ಇಂಗ್ಲೆಂಡಿನ ಸಣ್ಣ ಕಾರ್ಯಕ್ರಮಗಳಲ್ಲಿ ಹೊಸ ಬಾಕ್ಸರ್ ತಾನೇ ನೆಂಟರಿಗೆ, ಗೆಳೆಯರಿಗೆ ಟಿಕೆಟ್ ಮಾರಬೇಕು. ಮಾರಿದಷ್ಟು ಸಂಪಾದನೆ.

ನಮಗೆ ಇದರಲ್ಲಿ ಏನಿದೆ?

ಮೊದಲನೆಯದು, ತಂದೆ ತಾಯಿಗೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾಕ್ಕೆ ಎಣಿಕೆ ಆಗೋದು ಮಾನ್ಯತೆ ಇರೋ ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗಳ ಪದಕ. ಖಾಸಗಿ ಫೈಟ್ ನೈಟ್ ಬೆಲ್ಟ್ ತೋರಿಸಿದರೆ ಕೆಲಸ ಸಿಗಲ್ಲ. ವಿಜೇಂದರ್, ನಿಶಾಂತ್ ಇಬ್ಬರೂ ಮೊದಲು ದೇಶದ ಪರ ಆಡಿ ಹೆಸರು ಮಾಡಿದರು, ಆಮೇಲೆ ಪ್ರೊ ಆದರು. ನಿಶಾಂತ್ ಐದು ವರ್ಷ ಬೇಗ ಹೋಗಿದ್ದಾರೆ, ಅದು ಅವರಿಗೆ ದೊಡ್ಡ ಲಾಭ. ಆದರೆ ಮೊದಲ ಮೆಟ್ಟಿಲು ಇಬ್ಬರೂ ತಪ್ಪಿಸಿಲ್ಲ.

ಎರಡನೆಯದು, ಅಂಗಡಿಯವರಿಗೆ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ತಲೆಗೆ ಏಟು ಬಿದ್ದು ನಮ್ಮ ರಾಜ್ಯದ ಒಬ್ಬ ಯುವಕ ಜೀವ ಬಿಟ್ಟ. ಅಲ್ಲಿ ತುರ್ತು ಚಿಕಿತ್ಸೆಗೆ ಸರಿಯಾದ ವ್ಯವಸ್ಥೆ ಇರಲಿಲ್ಲ ಅನ್ನೋದು ಮನೆಯವರ ದೂರಾಗಿತ್ತು. ಬೆಂಗಳೂರಿನಲ್ಲೇ ಹೀಗಾದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ತಲೆ ಸ್ಕ್ಯಾನ್ ಮಾಡಿಸಬೇಕಂದ್ರೆ ಜಿಲ್ಲೆಗೆ ಓಡಬೇಕಾದ ಕಡೆ ಏನು ಗತಿ?

ಇಂಥ ಕಾರ್ಯಕ್ರಮಕ್ಕೆ ಅಂತ ಯಾರಾದರೂ ರಸೀದಿ ಪುಸ್ತಕ ಹಿಡಿದು ಅಂಗಡಿಗೆ ಬಂದರೆ ಫ್ಲೆಕ್ಸ್‌ನಲ್ಲಿ ನಿಮ್ಮ ಹೆಸರು ಎಷ್ಟು ದೊಡ್ಡದಾಗಿ ಬರುತ್ತೆ ಅಂತ ಮೊದಲು ಕೇಳಬೇಡಿ. ರಿಂಗ್ ಪಕ್ಕ ಡಾಕ್ಟರ್ ಇರ್ತಾರಾ? ಆಂಬ್ಯುಲೆನ್ಸ್ ಬಾಗಿಲಲ್ಲೇ ನಿಂತಿರುತ್ತಾ? ಆಡೋ ಹುಡುಗರಿಗೆ ಇನ್ಶೂರೆನ್ಸ್ ಮಾಡಿಸಿದ್ದಾರಾ? ತೂಕ, ಅನುಭವ ನೋಡಿ ಜೋಡಿ ಮಾಡಿದ್ದಾರಾ? ಈ ನಾಲ್ಕು ಪ್ರಶ್ನೆ ಕೇಳಿ. ಸರಿಯಾದ ಉತ್ತರ ಬಂದರೆ ಖುಷಿಯಾಗಿ ಕೊಡಿ, ನಮ್ಮ ಹುಡುಗರು ಬೆಳೀಲಿ. ತಡವರಿಸಿದರೆ ಆ ಐನೂರು, ಸಾವಿರ ಗಲ್ಲಾದಲ್ಲೇ ಇರಲಿ.